ಮನಶ್ಶಾಸ್ತ್ರವೂ ವಿಮರ್ಶಕನ ಮನಸ್ಸೂ: ಮಾಲಂಗಿಯ ಶಾಪ ಮತ್ತು ನಂಜನಗೂಡಿನ ಮೌನ

೧

ಪರರ ಮನಸ್ಸನ್ನು ತಿಳಿಯಬೇಕೆಂಬ ಆಶೆ ಮನುಷ್ಯಮಾತ್ರರಿಗೆ ಸಹಜವಾದುದು. ಸಾಹಿತ್ಯವನ್ನು ಓದುವವರಲ್ಲಿ ಆ ಆಶೆಯು ಇನ್ನಷ್ಟು ಬಲವಾಗಿರುತ್ತದೆ. ಕವಿಯ ಹೃದಯವನ್ನು ಹೊಕ್ಕು ನೋಡುವುದಕ್ಕೆ ಕಾವ್ಯವೇ ಬಾಗಿಲೆಂದು ನಾವು ಭಾವಿಸುತ್ತೇವೆ. ಆ ಬಾಗಿಲು ಸುಲಭವಾಗಿ ತೆರೆಯದೆ ಹೋದಾಗ ಬೇರೆ ಶಾಸ್ತ್ರಗಳ ನೆರವನ್ನು ಬೇಡುತ್ತೇವೆ. ಹೀಗೆ ನಾವು ನೆರವು ಬೇಡುವ ಶಾಸ್ತ್ರಗಳಲ್ಲಿ ಮನಶ್ಶಾಸ್ತ್ರವು ಮುಖ್ಯವಾದುದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ೧೯೨೪ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಈ ಶಾಸ್ತ್ರದ ವಿಭಾಗವು ಏರ್ಪಟ್ಟಿತು. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಇಂದು ದಮನ, ಸುಪ್ತಚಿತ್ತ, ಕೀಳರಿಮೆ ಮುಂತಾದ ಮಾತುಗಳನ್ನು ಬಳಸದೆ ಒಂದು ಕಾದಂಬರಿಯನ್ನು ಕುರಿತು ಪಾಠ ಹೇಳುವ ಉಪಾಧ್ಯಾಯರು ವಿರಳ.

ಆದರೆ ಶಾಸ್ತ್ರದ ಮಾತುಗಳನ್ನು ಬಳಸುವುದು ಬೇರೆ, ಶಾಸ್ತ್ರದಿಂದ ಕಲಿಯುವುದು ಬೇರೆ. ಈ ಭೇದಕ್ಕೆ ಆ ಶಾಸ್ತ್ರದ ಮಹಾಪುರುಷರೊಬ್ಬರ ಗ್ರಂಥವೇ ನಿದರ್ಶನವಾಗಿದೆ. ಫ್ರಾಯ್ಡ್ ೧೯೧೦ರಲ್ಲಿ ಇಟಲಿಯ ಚಿತ್ರಕಾರ ಲಿಯೊನಾರ್ಡೊ ಡ ವಿಂಚಿಯ ಬಾಲ್ಯಸ್ಮೃತಿಯೊಂದನ್ನು ಹಿಡಿದು ಅವನ ಜೀವನವನ್ನೆಲ್ಲ ವಿವರಿಸಲು ಹೊರಟನು. ತಾನು ತೊಟ್ಟಿಲಲ್ಲಿದ್ದಾಗ ಒಂದು ಹಕ್ಕಿ ಬಂದು ತನ್ನ ಬಾಯಿಯನ್ನು ಬಾಲದಿಂದ ತೆರೆಯಿತೆಂದು ಲಿಯೊನಾರ್ಡೊ ಬರೆದಿಟ್ಟಿದ್ದನು. ಫ್ರಾಯ್ಡ್ ಅದನ್ನು ರಣಹದ್ದು ಎಂದು ತಿಳಿದು, ಈಜಿಪ್ಟಿನ ಪುರಾಣದಲ್ಲಿ ರಣಹದ್ದಿನ ರೂಪವುಳ್ಳ ಮಾತೃದೇವತೆಯನ್ನು ನೆನೆದು, ಅಲ್ಲಿಂದ ಲಿಯೊನಾರ್ಡೊವಿಗೂ ಅವನ ತಾಯಿಗೂ ಇದ್ದ ಸಂಬಂಧದ ಮೇಲೆ ದೊಡ್ಡದೊಂದು ಸಿದ್ಧಾಂತವನ್ನು ಕಟ್ಟಿದನು. ಆದರೆ ಮೂಲದ ಇಟಾಲಿಯನ್ ಶಬ್ದಕ್ಕೆ ಅರ್ಥ ರಣಹದ್ದು ಅಲ್ಲ, ಸಾಮಾನ್ಯವಾದ ಹದ್ದು. ಜರ್ಮನ್ ಭಾಷಾಂತರದ ಒಂದು ತಪ್ಪಿನ ಮೇಲೆ ಮಾತೃದೇವತೆಯ ಗುಡಿಯೇ ಎದ್ದಿತು. ಪದಾರ್ಥವನ್ನು ಮೊದಲು ನಿಶ್ಚಯಿಸಿಕೊಳ್ಳಬೇಕೆಂಬ ನಮ್ಮ ಹಳೆಯ ವ್ಯಾಖ್ಯಾನಕಾರರ ನಿಯಮವನ್ನು ಪಾಲಿಸಿದ್ದರೆ ಈ ಅನರ್ಥವು ತಪ್ಪುತ್ತಿತ್ತು.

ಹಾಗಾದರೆ ಮನಶ್ಶಾಸ್ತ್ರದಿಂದ ವಿಮರ್ಶಕನಿಗೆ ಪ್ರಯೋಜನವಿಲ್ಲವೆ? ಇದೆ, ಆದರೆ ಅದು ಸಾಮಾನ್ಯವಾಗಿ ನಾವು ಹುಡುಕುವ ಕಡೆಯಲ್ಲಿಲ್ಲ. ಗತಿಸಿದವರ ಅಂತರಂಗದ ಬೀಗವನ್ನು ತೆರೆಯುವ ಕೈ ಆ ಶಾಸ್ತ್ರದಲ್ಲಿ ಇಲ್ಲ. ಅವರನ್ನು ಕುರಿತು ನಾವು ಹೇಳುವ ಮಾತುಗಳಲ್ಲಿ ನಮ್ಮ ಮನಸ್ಸು ಎಷ್ಟರಮಟ್ಟಿಗೆ ಬೆರೆತಿದೆಯೆಂದು ತೋರಿಸಿಕೊಡುವ ಶಕ್ತಿ ಮಾತ್ರ ಅದಕ್ಕೆ ಧಾರಾಳವಾಗಿದೆ. ಆ ಬೆರಕೆಯನ್ನು ಗುರುತಿಸಿದ ಮೇಲೆ ಉಳಿಯುವುದು ಸ್ವಲ್ಪವೇ ಇರಬಹುದು. ಆದರೆ ಆ ಸ್ವಲ್ಪವೇ ಪರರ ವಿಷಯದಲ್ಲಿ ನಮಗೆ ದೊರೆಯುವ ನಿಜವಾದ ತಿಳಿವಳಿಕೆ. ಈ ಮಾತನ್ನು ಮೈಸೂರು ಜಿಲ್ಲೆಯ ಎರಡು ನೆರೆಯ ತಾಲ್ಲೂಕುಗಳಿಂದ ತೆಗೆದ ಎರಡು ಉದಾಹರಣೆಗಳಿಂದ ಪರೀಕ್ಷಿಸಿ ನೋಡುವುದು ಈ ಲೇಖನದ ಉದ್ದೇಶ.

ನಂಜನಗೂಡನ್ನು ಬಳಸಿ ಹರಿಯುವ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಕೂಡಿದ ಹೊಳೆ ಮುಂದೆ ತಲಕಾಡು ಮಾಲಂಗಿಗಳ ಬಳಿ ಬಾಗಿ ಸಾಗುತ್ತದೆ. ಈ ನೀರಿನ ದಾರಿಯಲ್ಲಿ ಇಬ್ಬರು ಸ್ತ್ರೀಯರ ಹೆಸರು ನಿಂತಿದೆ. ಒಬ್ಬಳು ಮಾಲಂಗಿಯ ಮಡುವಿಗೆ ಧುಮುಕಿದಳೆಂದು ಐತಿಹ್ಯ ಹೇಳುವ ಅಲಮೇಲಮ್ಮ. ಇನ್ನೊಬ್ಬರು ನಂಜನಗೂಡು ತಿರುಮಲಾಂಬ. ಮೊದಲನೆಯವಳು ಆಡಿದಳೆನ್ನುವ ಮಾತು ಒಂದು ಶಾಪ ಮಾತ್ರ. ಅದೂ ಪರರ ಬಾಯಿಂದ ನಮಗೆ ಬಂದದ್ದು. ಎರಡನೆಯವರು ಸ್ವಹಸ್ತದಿಂದ ಅನೇಕ ಗ್ರಂಥಗಳನ್ನು ಬರೆದು, ಆಮೇಲೆ ಬಹುಕಾಲ ಮೌನವಾಗಿದ್ದರು. ಮಾತು ಕಡಮೆಯಿದ್ದಲ್ಲಿ ನಾವೇನು ಮಾಡುತ್ತೇವೆ, ಮಾತು ಹೇರಳವಾಗಿದ್ದಲ್ಲಿ ಏನು ಮಾಡುತ್ತೇವೆ ಎಂಬೆರಡನ್ನೂ ಇವರ ಮೂಲಕ ನೋಡಬಹುದು.

೨

ಶಾಪದ ಕಥೆಯು ವಾಚಕರಿಗೆ ವಿದಿತವೇ ಇದೆ. ವಿಜಯನಗರದ ಪ್ರತಿನಿಧಿಯು ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದನು; ೧೬೧೦ರಲ್ಲಿ ಆ ಪಟ್ಟಣವು ಮೈಸೂರಿನ ರಾಜ ಒಡೆಯರ ಕೈ ಸೇರಿತು. ಇಷ್ಟು ಚರಿತ್ರೆ. ಇದರ ಮೇಲೆ ಬೆಳೆದುದು ಐತಿಹ್ಯ. ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದಿಟ್ಟ ಪಾಠದಂತೆ, ಆ ಪ್ರತಿನಿಧಿಯು ಹುಣ್ಣಿನ ಬೇನೆಯಿಂದ ನರಳುತ್ತ ತಲಕಾಡಿನ ವೈದ್ಯೇಶ್ವರನ ಸನ್ನಿಧಿಗೆ ಹೋದನು. ಅವನು ಸಾಯುವ ಸ್ಥಿತಿಯಲ್ಲಿದ್ದಾನೆಂದು ಕೇಳಿ ರಾಣಿ ಅಲಮೇಲಮ್ಮನೂ ಅಲ್ಲಿಗೆ ಹೊರಟಳು. ಅವಳ ಒಡವೆಗಳ ಮೇಲೆ ಆಶೆಯಿಟ್ಟ ಒಡೆಯರು ಸೈನ್ಯವನ್ನು ಕರೆದುಕೊಂಡು ಹೋದರು. ರಾಣಿಯು ಒಡವೆಗಳನ್ನು ಕಾವೇರಿಗೆಸೆದು ತಾನೂ ಮುಳುಗಿದಳು. ಮುಳುಗುವಾಗ ಮೂರು ಶಾಪಗಳನ್ನಿತ್ತಳು: ತಲಕಾಡನ್ನು ಮರಳು ಮುಚ್ಚಬೇಕು, ಮಾಲಂಗಿಯಲ್ಲಿ ಮಡುವಾಗಬೇಕು, ಮೈಸೂರು ದೊರೆಗಳಿಗೆ ಸಂತಾನವಿಲ್ಲದಂತಾಗಬೇಕು.

ಜನರು ಹೇಳುವ ಇನ್ನೊಂದು ಪಾಠದಲ್ಲಿ ಒಂದು ಮುಖ್ಯವಾದ ಭೇದವಿದೆ. ಆ ಒಡವೆಗಳು ಶ್ರೀರಂಗಪಟ್ಟಣದ ಅಮ್ಮನವರಿಗೆ ವಿಶೇಷ ದಿನಗಳಲ್ಲಿ ತೊಡಿಸುತ್ತಿದ್ದವು, ಒಡೆಯರು ಕೇಳಿದ್ದು ದೇವಿಗಾಗಿಯೇ ಹೊರತು ತಮಗಾಗಿ ಅಲ್ಲ, ರಾಣಿಯು ಮುತ್ತಿನ ಮೂಗುತಿಯೊಂದನ್ನು ಕಳುಹಿಸಿ ಉಳಿದುದನ್ನು ಇಟ್ಟುಕೊಂಡಳು, ಹಿಂಬಾಲಿಸಿದವರು ಭಟರು, ದೊರೆಗೆ ಸುದ್ದಿ ಮುಟ್ಟಿದಾಗ ಅವರು ಪಶ್ಚಾತ್ತಾಪಪಟ್ಟು ಅವಳ ಪ್ರತಿಮೆಯನ್ನು ಮಾಡಿಸಿ ಪೂಜೆಯನ್ನು ಏರ್ಪಡಿಸಿದರು ಎಂದು ಈ ಪಾಠ.

ಈ ಎರಡು ಪಾಠಗಳನ್ನು ಎದುರುಬದುರು ಇಟ್ಟು ನೋಡಿದರೆ ನಡುವೆ ನಡೆದ ಕೆಲಸವು ಕಾಣುತ್ತದೆ. ಮೊದಲನೆಯದರಲ್ಲಿ ಲೋಭವಿದೆ, ಎರಡನೆಯದರಲ್ಲಿ ಲೋಭವು ಭಕ್ತಿಯಾಗಿದೆ. ಮೊದಲನೆಯದರಲ್ಲಿ ದೊರೆಯೇ ಬರುತ್ತಾನೆ. ಎರಡನೆಯದರಲ್ಲಿ ಭಟರು ಬರುತ್ತಾರೆ. ಆದರೆ ಯಾವ ಪಾಠದಲ್ಲಿಯೂ ಶಾಪವು ಬಿಟ್ಟುಹೋಗಿಲ್ಲ. ಇದು ಗಮನಾರ್ಹವಾದ ಸಂಗತಿ. ತಪ್ಪನ್ನು ಎಷ್ಟು ಮೃದುಮಾಡಿದರೂ ತಪ್ಪಿನ ಫಲವನ್ನು ತೆಗೆದುಹಾಕುವ ಧೈರ್ಯವು ಹೇಳುವವರಿಗೆ ಬಂದಿಲ್ಲ. ಹೇಳುವವರು ದೊರೆಯ ಪ್ರಜೆಗಳು. ಅವರಿಗೆ ದೊರೆಯಲ್ಲಿ ಭಕ್ತಿಯಿದೆ. ವಿಧವೆಯೊಬ್ಬಳ ಒಡವೆಗೆ ಕೈಹಾಕಬಾರದೆಂಬ ಧರ್ಮಬುದ್ಧಿಯೂ ಇದೆ. ಈ ಎರಡಕ್ಕೂ ಮನಸ್ಸಿನಲ್ಲಿ ನಡೆದ ಜಗಳದ ರಾಜಿಪತ್ರವೇ ಎರಡನೆಯ ಪಾಠ.

ಕಥೆಗಳು ಬಾಯಿಂದ ಬಾಯಿಗೆ ಹೋಗುವಾಗ ಏನಾಗುತ್ತವೆಂಬುದನ್ನು ಕೇಂಬ್ರಿಡ್ಜಿನ ಬಾರ್ಟ್ಲೆಟ್ ಪ್ರಯೋಗದಿಂದ ಪರೀಕ್ಷಿಸಿ ೧೯೩೨ರಲ್ಲಿ ಪ್ರಕಟಿಸಿದರು. ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲಿಷರಿಗೆ ಓದಲು ಕೊಟ್ಟು, ಕಾಲಾಂತರದಲ್ಲಿ ಅದನ್ನು ನೆನಪಿನಿಂದ ಬರೆಯಿಸಿದರು. ಓದಿದವರು ತಮಗೆ ಅಪರಿಚಿತವಾದುದನ್ನು ಬಿಟ್ಟರು, ಇಲ್ಲವೆ ಪರಿಚಿತವಾದುದಾಗಿ ಮಾರ್ಪಡಿಸಿದರು. ಮೂಲದಲ್ಲಿ ಕಾರಣವಿಲ್ಲದ ಘಟನೆಗೆ ಕಾರಣವನ್ನು ಸೇರಿಸಿದರು. ಅವರು ಸುಳ್ಳು ಹೇಳಲಿಲ್ಲ. ತಮ್ಮ ನೆನಪು ನಿಜವೆಂದೇ ನಂಬಿದ್ದರು. ಸ್ಮರಣೆಯೆಂಬುದು ಪೆಟ್ಟಿಗೆಯಲ್ಲಿಟ್ಟ ವಸ್ತುವನ್ನು ಮರಳಿ ತೆಗೆಯುವ ಕೆಲಸವಾಗಿರದೆ, ಪ್ರತಿ ಸಲವೂ ಹೊಸದಾಗಿ ಕಟ್ಟುವ ಕೆಲಸವಾಗಿದೆಯೆಂದು ಬಾರ್ಟ್ಲೆಟ್ ನಿರ್ಣಯಿಸಿದರು. ನಾಲ್ಕು ಶತಮಾನಗಳ ಕಾಲ ಕಟ್ಟಲ್ಪಟ್ಟ ಅಲಮೇಲಮ್ಮನ ಕಥೆಯಲ್ಲಿ ಕಟ್ಟಿದವರ ಕೈಗುರುತು ಇರದೆ ಹೋಗುವುದು ಸಾಧ್ಯವಿಲ್ಲ.

ಇನ್ನು ಶಾಪವು ಫಲಿಸಿತೆಂಬ ನಂಬಿಕೆಯನ್ನು ನೋಡೋಣ. ತಲಕಾಡಿನ ಮರಳು ಸತ್ಯ. ಹೊಳೆಯು ಅಲ್ಲಿ ಬಲವಾಗಿ ಬಾಗುತ್ತದೆ. ಬೇಸಗೆಯಲ್ಲಿ ಒಣಗಿದ ಪಾತ್ರದ ಮರಳನ್ನು ನೈಋತ್ಯದ ಗಾಳಿ ಊರಿನ ಮೇಲೆ ತರುತ್ತದೆ. ವರ್ಷಕ್ಕೆ ಒಂಬತ್ತು ಹತ್ತು ಅಡಿಗಳಷ್ಟು ಮರಳು ಮುಂದೊತ್ತುತ್ತಿದ್ದಿತೆಂದು ರೈಸ್ ಬರೆದಿದ್ದಾರೆ. ಹೊಳೆ ಬಾಗುವಲ್ಲಿ ಮಡುವಾಗುವುದೂ ಪ್ರಕೃತಿಯ ನಿಯಮ. ಕಣ್ಣಿಗೆ ಕಾಣುವ ಈ ಎರಡು ಸಂಗತಿಗಳು, ಕಣ್ಣಿಗೆ ಕಾಣದ ಮೂರನೆಯದಕ್ಕೆ ಜಾಮೀನಾಗಿ ನಿಂತವು. ಶಾಪದ ರಚನಾಕೌಶಲ ಇರುವುದು ಇಲ್ಲಿಯೇ.

ಮೂರನೆಯ ಶಾಪದ ಲೆಕ್ಕವನ್ನು ಜನರು ಹೇಗಿಟ್ಟರೆಂಬುದು ಅತ್ಯಂತ ಬೋಧಪ್ರದವಾಗಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು ದತ್ತುಸ್ವೀಕಾರ ಮಾಡಿದರು, ಶಾಪವು ಫಲಿಸಿತೆಂದರು. ದತ್ತುಪುತ್ರರಾದ ಚಾಮರಾಜೇಂದ್ರ ಒಡೆಯರಿಗೆ ಮಕ್ಕಳಾದರು. ಆಗ ಶಾಪವು ಸುಳ್ಳಾಯಿತೆಂದು ಯಾರೂ ಹೇಳಲಿಲ್ಲ. ಶಾಪವು ಒಂದು ತಲೆಮಾರನ್ನು ಬಿಟ್ಟು ಒಂದು ತಲೆಮಾರಿಗೆ ತಗಲುತ್ತದೆಂದು ತಿದ್ದುಪಡಿ ಬಂದಿತು. ನಾಲ್ವಡಿ ಕೃಷ್ಣರಾಜ ಒಡೆಯರು ೧೯೪೦ರಲ್ಲಿ ಸಂತಾನವಿಲ್ಲದೆ ತೀರಿಕೊಂಡರು. ಅದು ಲೆಕ್ಕಕ್ಕೆ ಸೇರಿತು. ಅವರ ತಮ್ಮನ ಮಗನಾದ ಜಯಚಾಮರಾಜೇಂದ್ರ ಒಡೆಯರಿಗೆ ಮಗನೂ ಹೆಣ್ಣುಮಕ್ಕಳೂ ಇದ್ದರು. ಆ ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ನಮ್ಮ ಕಾಲದಲ್ಲಿಯೇ, ೨೦೧೩ರಲ್ಲಿ, ಮಕ್ಕಳಿಲ್ಲದೆ ತೀರಿಕೊಂಡರು. ೨೦೧೫ರಲ್ಲಿ ಯದುವೀರ ಒಡೆಯರು ದತ್ತುಪುತ್ರರಾಗಿ ಪಟ್ಟಕ್ಕೆ ಬಂದರು. ೨೦೧೭ರಲ್ಲಿ ಅವರಿಗೆ ಪುತ್ರೋತ್ಸವವಾದಾಗ ಶಾಪವು ವಿಮೋಚನೆಯಾಯಿತೆಂದು ಕೆಲವರು ಸಂತೋಷಪಟ್ಟರು.

ಇಲ್ಲಿ ಎರಡು ಮಾತು ವಿಚಾರಾರ್ಹ. ಮೊದಲನೆಯದಾಗಿ, ಅನುಕೂಲವಾದ ಸಂಗತಿಯನ್ನು ಎಣಿಸಿ, ಪ್ರತಿಕೂಲವಾದುದಕ್ಕೆ ಹೊಸ ನಿಯಮವನ್ನು ಕಲ್ಪಿಸುವ ಈ ಕ್ರಮವು ಹಳ್ಳಿಯ ಮುದುಕರಿಗೆ ಮಾತ್ರ ಸೇರಿದುದಲ್ಲ. ಕವಿಚರಿತ್ರೆಯಲ್ಲಿ ಒಂದು ಕಾಲನಿರ್ಣಯವನ್ನು ಪ್ರೀತಿಯಿಂದ ಹಿಡಿದ ಪಂಡಿತರು ಪ್ರತಿಕೂಲವಾದ ಶಾಸನ ಬಂದಾಗ ಏನು ಮಾಡುತ್ತಾರೆಂಬುದನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಎರಡನೆಯದಾಗಿ, ಯದುವೀರ ಒಡೆಯರು ಜಯಚಾಮರಾಜೇಂದ್ರ ಒಡೆಯರ ಹಿರಿಯ ಮಗಳಾದ ಗಾಯತ್ರೀದೇವಿಯವರ ಮೊಮ್ಮಗ. ಅಂದರೆ ರಕ್ತಸಂಬಂಧವು ಮಗಳ ಕಡೆಯಿಂದ ಬಂದೇ ಇದೆ. ಶಾಪದಲ್ಲಿದ್ದ ‘ಸಂತಾನ’ವೆಂಬ ಅರ್ಥವನ್ನು ನಾವು ಗಂಡುಸಂತಾನವೆಂದು ಕುಗ್ಗಿಸಿಕೊಂಡು, ಹೆಣ್ಣುಮಕ್ಕಳನ್ನು ಲೆಕ್ಕದಿಂದ ಬಿಟ್ಟುಬಿಟ್ಟೆವು. ಹೆಣ್ಣೊಬ್ಬಳ ಸಂಕಟದಿಂದ ಹುಟ್ಟಿತೆನ್ನುವ ಶಾಪವನ್ನು ಫಲಿಸುವಂತೆ ಮಾಡಲು ಹೆಣ್ಣುಮಕ್ಕಳನ್ನೇ ಮಕ್ಕಳಲ್ಲವೆಂದು ಎಣಿಸಬೇಕಾಯಿತು. ಅಲಮೇಲಮ್ಮನ ಮನಸ್ಸಿನಲ್ಲಿ ಏನಿತ್ತೆಂದು ನಮಗೆ ಈ ಕಥೆ ತಿಳಿಸುವುದಿಲ್ಲ. ನಮ್ಮ ಮನಸ್ಸಿನಲ್ಲಿ ಏನಿದೆಯೆಂದು ಮಾತ್ರ ಸ್ಪಷ್ಟವಾಗಿ ತಿಳಿಸುತ್ತದೆ.

೩

ಈಗ ಹೊಳೆಯ ಮೇಲ್ಭಾಗಕ್ಕೆ, ನಂಜನಗೂಡಿಗೆ ಬರೋಣ. ತಿರುಮಲಾಂಬ ಅವರು ೧೮೮೭ರಲ್ಲಿ ಅಲ್ಲಿ ಹುಟ್ಟಿದರು. ತಂದೆ ವಕೀಲರು. ಹತ್ತನೆಯ ವಯಸ್ಸಿನಲ್ಲಿ ಮದುವೆ; ಹದಿನಾಲ್ಕನೆಯ ವಯಸ್ಸಿನಲ್ಲಿ ವೈಧವ್ಯ. ತಂದೆಯ ಪ್ರೋತ್ಸಾಹದಿಂದ ಮನೆಯಲ್ಲಿಯೇ ಓದಿದರು. ೧೯೧೩ರಲ್ಲಿ ‘ಸತೀಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನು ಸ್ಥಾಪಿಸಿ ತಮ್ಮ ‘ಸುಶೀಲೆ’ ಕಾದಂಬರಿಯನ್ನು ಪ್ರಕಟಿಸಿದರು. ‘ನಭಾ’, ‘ವಿರಾಗಿಣಿ’, ‘ದಕ್ಷಕನ್ಯೆ’, ‘ಮಾತೃನಂದಿನಿ’ ಮುಂತಾದ ಕೃತಿಗಳು ಬಂದವು. ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ನಡೆಯಿಸಿದರು. ಹೊಸಗನ್ನಡದಲ್ಲಿ ಗ್ರಂಥಪ್ರಕಾಶನವನ್ನು ಕೈಕೊಂಡ ಸ್ತ್ರೀಯರಲ್ಲಿ ಇವರು ಮೊದಲಿಗರೆಂದು ಎಣಿಸಲ್ಪಟ್ಟಿದ್ದಾರೆ. ಅನಂತರ ಬರವಣಿಗೆಯು ನಿಂತಿತು. ದೀರ್ಘಾಯುಷ್ಯದ ಉತ್ತರಭಾಗವನ್ನು ಸಾಹಿತ್ಯಲೋಕದ ಕಣ್ಣಿಗೆ ಬೀಳದೆ ಕಳೆದು ೧೯೮೨ರಲ್ಲಿ ತೀರಿಕೊಂಡರು.

ಇವರ ಕೃತಿಗಳಲ್ಲಿ ಪಾತಿವ್ರತ್ಯ, ಸಹನೆ, ಸದಾಚಾರಗಳ ಪ್ರಶಂಸೆಯಿದೆ. ಬಾಲವಿಧವೆಯೊಬ್ಬರು ಪತ್ನೀಧರ್ಮವನ್ನು ಹೊಗಳಿ ಬರೆದುದೇಕೆ? ಗ್ರಂಥಮಾಲೆಗೆ ‘ಸತೀಹಿತೈಷಿಣೀ’ ಎಂದು ಹೆಸರಿಟ್ಟುದೇಕೆ? ಈ ಪ್ರಶ್ನೆಗೆ ವಿಮರ್ಶಕರಲ್ಲಿ ಮೂರು ಬಗೆಯ ಉತ್ತರಗಳು ಕೇಳಿಬರುತ್ತವೆ. ಅವರು ಹಳೆಯ ಧರ್ಮವನ್ನು ಮನಸಾರೆ ನಂಬಿದ್ದರೆಂಬುದು ಒಂದು. ಸಮಾಜದ ಭಯದಿಂದ ಹಾಗೆ ಬರೆದರೆಂಬುದು ಇನ್ನೊಂದು. ತಮಗೆ ದೊರೆಯದ ದಾಂಪತ್ಯವನ್ನು ಕಲ್ಪನೆಯಲ್ಲಿ ಅನುಭವಿಸಿದರೆಂಬುದು ಮೂರನೆಯದು; ಇದೇ ‘ಮನಶ್ಶಾಸ್ತ್ರೀಯ’ವೆಂಬ ಬಿರುದನ್ನು ಪಡೆದಿದೆ. ನಾನೂ ತರಗತಿಯಲ್ಲಿ ಬಹುಕಾಲ ಈ ಮೂರನೆಯ ಉತ್ತರವನ್ನೇ ಹೇಳುತ್ತಿದ್ದೆನೆಂದು ಒಪ್ಪಿಕೊಳ್ಳಬೇಕು. ಅದು ಕೇಳುವುದಕ್ಕೆ ಗಂಭೀರವಾಗಿರುತ್ತದೆ, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಒಂದು ದಿನ ಒಬ್ಬ ವಿದ್ಯಾರ್ಥಿನಿ ಎದ್ದು, “ಇದು ಅವರ ಪುಸ್ತಕದ ಯಾವ ಪುಟದಿಂದ ತಿಳಿಯುತ್ತದೆ, ಗುರುಗಳೆ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ವಿವರಣೆಯು ಪುಸ್ತಕದಿಂದ ಬಂದಿರಲಿಲ್ಲ. ಬಾಲವಿಧವೆಯೆಂಬ ಒಂದು ಶಬ್ದದಿಂದ ನಾನೇ ಬೆಳೆಯಿಸಿದ್ದೆನು. ನನ್ನ ರಣಹದ್ದು ಅದಾಗಿದ್ದಿತು.

ಈ ಸಂದರ್ಭದಲ್ಲಿ ಅಮೆರಿಕದಲ್ಲಿ ಜೋನ್ಸ್ ಮತ್ತು ಹ್ಯಾರಿಸ್ ಎಂಬವರು ೧೯೬೭ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಸಾಹಿತ್ಯದ ಉಪಾಧ್ಯಾಯರೆಲ್ಲರೂ ತಿಳಿದಿರಬೇಕು. ಕ್ಯೂಬಾದ ಕ್ಯಾಸ್ಟ್ರೊವಿನ ಪರವಾಗಿಯೂ ವಿರೋಧವಾಗಿಯೂ ಬರೆದ ಪ್ರಬಂಧಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಬರೆದವನ ನಿಜವಾದ ಅಭಿಪ್ರಾಯವೇನೆಂದು ಊಹಿಸಲು ಹೇಳಿದರು. ಬರೆದವನು ಪಕ್ಷವನ್ನು ಸ್ವತಃ ಆರಿಸಿಕೊಳ್ಳಲಿಲ್ಲ, ಅದೇ ಪಕ್ಷವನ್ನು ಬರೆಯಬೇಕೆಂದು ಅವನಿಗೆ ವಿಧಿಸಲಾಗಿತ್ತು ಎಂದು ಸ್ಪಷ್ಟವಾಗಿ ತಿಳಿಸಿದಾಗಲೂ, ಬರೆದುದೇ ಅವನ ಅಭಿಪ್ರಾಯವಾಗಿರಬೇಕೆಂದು ಓದುಗರು ಎಣಿಸಿದರು. ಪರರ ನಡತೆಗೆ ಅವರ ಸ್ವಭಾವವನ್ನು ಕಾರಣವಾಗಿ ಹೇಳಿ, ಅವರು ನಿಂತಿದ್ದ ಸನ್ನಿವೇಶವನ್ನು ಮರೆಯುವ ಈ ಒಲವನ್ನು ಮನಶ್ಶಾಸ್ತ್ರಜ್ಞರು ಆಮೇಲೆ ವಿಸ್ತಾರವಾಗಿ ವಿಚಾರಮಾಡಿದ್ದಾರೆ.

ತಿರುಮಲಾಂಬ ಅವರ ಸನ್ನಿವೇಶವೇನಾಗಿತ್ತು? ವಿಧವೆಯು ಮಂಗಳಕಾರ್ಯದಲ್ಲಿ ಎದುರು ಬರಬಾರದೆಂಬ ಕಾಲದಲ್ಲಿ ಅವರು ತಮ್ಮ ಹೆಸರಿನಲ್ಲಿ ಪುಸ್ತಕವನ್ನು ಅಚ್ಚು ಹಾಕಿಸಿ, ಅಪರಿಚಿತರ ಮನೆಗಳಿಗೆ ಕಳುಹಿಸಬೇಕಾಗಿದ್ದಿತು. ಆ ಪುಸ್ತಕವು ಗೃಹಿಣಿಯ ಕೈಗೆ ಹೋಗುವ ಮೊದಲು ಯಜಮಾನನ ಕಣ್ಣನ್ನು ದಾಟಬೇಕು. ‘ಸುಶೀಲೆ’ ಎಂಬ ಹೆಸರನ್ನೂ ‘ಸತೀಹಿತೈಷಿಣೀ’ ಎಂಬ ಮುದ್ರೆಯನ್ನೂ ಹೊತ್ತ ಪುಸ್ತಕವು ದಾಟುತ್ತದೆ. ಆದಕಾರಣ ಅವರು ಒಳಗೆ ಬೇರೆಯೇ ನಂಬಿದ್ದರೆಂದು ನಾವು ಹೇಳಬಹುದೇ? ಅದೂ ಕೂಡದು. ಸನ್ನಿವೇಶವು ಒಂದು ಮಾತನ್ನು ಬೇಡುತ್ತಿತ್ತೆಂದ ಮಾತ್ರಕ್ಕೆ ಆ ಮಾತು ಸುಳ್ಳೆಂದಾಗುವುದಿಲ್ಲ, ಸತ್ಯವೆಂದೂ ಆಗುವುದಿಲ್ಲ. ಅದು ಸಾಕ್ಷ್ಯವಲ್ಲವೆಂದು ಮಾತ್ರ ಆಗುತ್ತದೆ. ನಂಬಿಕೆ, ಭಯ, ಅತೃಪ್ತಿ ಎಂಬ ಮೂರು ಉತ್ತರಗಳೂ ಒಟ್ಟಿಗೆ ಬಿದ್ದುಹೋಗುವುದು ಇಲ್ಲಿ.

ಹಾಗಾದರೆ ಸಾಕ್ಷ್ಯ ಯಾವುದು? ಕಾಲವೂ ಕಾವ್ಯಪ್ರಕಾರವೂ ಕೇಳದೆ ಇದ್ದುದನ್ನು ಲೇಖಕಿಯು ಎಲ್ಲಿ ಕೊಟ್ಟಿದ್ದಾರೆಂದು ಹುಡುಕಬೇಕು. ಪತಿವ್ರತೆಯ ಕಥೆಯನ್ನು ಹೇಳುವುದಕ್ಕೆ ಪತ್ರಿಕೆಯನ್ನು ನಡೆಯಿಸಬೇಕಾಗಿರಲಿಲ್ಲ. ಸದಾಚಾರವನ್ನು ಬೋಧಿಸುವುದಕ್ಕೆ ಪ್ರಕಾಶಕರ ಲೆಕ್ಕಪತ್ರವನ್ನು ಕಲಿಯಬೇಕಾಗಿರಲಿಲ್ಲ. ಒಂದು ಪುಸ್ತಕವನ್ನು ಬರೆದು ಸುಮ್ಮನಿದ್ದರೂ ಸಮಾಜವು ಮೆಚ್ಚುತ್ತಿತ್ತು. ಇವರು ಮಾಲೆಯನ್ನೇ ಆರಂಭಿಸಿದರು. ಯಾರೂ ವಿಧಿಸದ ಈ ಕೆಲಸಗಳಲ್ಲಿ ಅವರ ಸ್ವಂತ ಇಚ್ಛೆಯು ಇದೆಯೆಂದು ನಿಸ್ಸಂಶಯವಾಗಿ ಹೇಳಬಹುದು. ಆ ಇಚ್ಛೆಯ ರೂಪವು, ಸ್ತ್ರೀಯರು ಓದಬೇಕು, ಸ್ತ್ರೀಯರು ಬರೆದುದನ್ನು ಓದಬೇಕು ಎಂಬುದು. ಕಥಾಭಾಗದಲ್ಲಿಯೂ ಇದೇ ರೀತಿ ನೀತಿಯು ಬೇಡದೆ ಇದ್ದ ವರ್ಣನೆ, ಸಂಭಾಷಣೆ, ಹಾಸ್ಯಗಳನ್ನು ಆರಿಸಿ ನೋಡಿದರೆ ಲೇಖಕಿಯ ಮುಖವು ಅಲ್ಲಲ್ಲಿ ಕಾಣುವುದು. ಇದು ನಿಧಾನದ ಕೆಲಸ. ಪುಟಪುಟವನ್ನೂ ಓದಬೇಕಾದ ಕೆಲಸ.

ಇನ್ನು ಅವರ ಮೌನದ ವಿಷಯ. ಹಿರಿಯ ವಿಮರ್ಶಕರೊಬ್ಬರ ಕಟುವಾದ ಮಾತಿನಿಂದ ನೊಂದು ಅವರು ಲೇಖನಿಯನ್ನು ಕೆಳಗಿಟ್ಟರೆಂಬ ಕಥೆಯು ಪ್ರಚಲಿತವಾಗಿದೆ. ಅದರಲ್ಲಿ ಸತ್ಯಾಂಶವು ಇರಬಹುದು. ವಿಮರ್ಶೆಯ ಏಟು ಏಕಾಂಗಿಯಾಗಿ ದುಡಿಯುವವರಿಗೆ ಎಷ್ಟು ನೋವಾದೀತೆಂದು ವಿಮರ್ಶಕರು ನೆನೆಯಬೇಕಾದದ್ದೇ. ಆದರೆ ಒಂದು ದೀರ್ಘವಾದ ಮೌನಕ್ಕೆ ಒಂದೇ ಕಾರಣವು ಸಾಕಾಗುವುದು ವಿರಳ. ಆ ದಶಕಗಳಲ್ಲಿ ಕನ್ನಡದ ಅಭಿರುಚಿಯೇ ಬದಲಾಯಿತು. ನವೋದಯದ ಕಥೆ ಕವಿತೆಗಳು ಬಂದ ಮೇಲೆ ನೀತಿಪ್ರಧಾನವಾದ ಕಾದಂಬರಿಯು ಹಳತಾಗಿ ಕಂಡಿತು. ಪ್ರಕಾಶನದ ಭಾರವನ್ನು ಒಬ್ಬರೇ ಹೊರುವುದು ಯಾವ ಕಾಲದಲ್ಲಿಯೂ ಸುಲಭವಲ್ಲ. ಇವೆಲ್ಲವನ್ನೂ ಬಿಟ್ಟು ಒಂದೇ ಕಟುನುಡಿಯ ಕಥೆಯನ್ನು ನಾವು ಇಷ್ಟಪಡುವುದೇಕೆ?

ಏಕೆಂದರೆ ಆ ಕಥೆಯಲ್ಲಿ ಅಪರಾಧಿ ಒಬ್ಬನೇ, ಅವನೂ ಗತಿಸಿದವನು. ತಿರುಮಲಾಂಬ ಅವರ ಪುಸ್ತಕಗಳನ್ನು ಮರುಮುದ್ರಿಸದೆ ಬಿಟ್ಟವರು, ಪಠ್ಯದಲ್ಲಿ ಸೇರಿಸದೆ ಬಿಟ್ಟವರು, ಅವರು ಬದುಕಿದ್ದಾಗಲೇ ಮರೆತವರು ಅನೇಕರು. ಅವರಲ್ಲಿ ನಾವೂ ಇದ್ದೇವೆ. ದೊರೆಯೊಬ್ಬರ ಲೋಭದ ಮೇಲೆ ರಾಜ್ಯಗಳ ಜಗಳದ ಹೊರೆಯನ್ನೆಲ್ಲ ಹೊರಿಸಿದಂತೆಯೇ, ವಿಮರ್ಶಕರೊಬ್ಬರ ನಾಲಿಗೆಯ ಮೇಲೆ ಸಾಹಿತ್ಯಲೋಕದ ಮರೆವಿನ ಹೊರೆಯನ್ನೆಲ್ಲ ಹೊರಿಸಿದ್ದೇವೆ. ಮಾಲಂಗಿಯ ಕಥೆಗೂ ನಂಜನಗೂಡಿನ ಕಥೆಗೂ ಈ ಒಂದು ಅಂಶದಲ್ಲಿ ಭೇದವಿಲ್ಲ. ತಿರುಮಲಾಂಬ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿದ ಬೆಂಗಳೂರಿನ ‘ಶಾಶ್ವತಿ’ಯವರೂ, ಅವರ ಕೃತಿಗಳನ್ನು ಮತ್ತೆ ಹುಡುಕಿ ಓದಿದ ಲೇಖಕಿಯರೂ ಈ ಋಣವನ್ನು ಸ್ವಲ್ಪಮಟ್ಟಿಗೆ ತೀರಿಸಿದ್ದಾರೆ.

೪

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕು. ಪರರ ಮನಸ್ಸು ತಿಳಿಯದಿದ್ದರೆ ಹೋಗಲಿ, ನಮ್ಮ ಮನಸ್ಸಾದರೂ ನಮಗೆ ಪ್ರತ್ಯಕ್ಷವಾಗಿದೆಯಲ್ಲ. ಅದನ್ನು ತಿಳಿಯುವುದಕ್ಕೆ ಶಾಸ್ತ್ರವೇಕೆ ಎಂದು ಕೇಳಬಹುದು. ಅದು ಅಷ್ಟು ಪ್ರತ್ಯಕ್ಷವಲ್ಲವೆಂದು ತೋರಿಸಿದುದೇ ಆ ಶಾಸ್ತ್ರದ ದೊಡ್ಡ ಉಪಕಾರ. ನಿಸ್ಬೆಟ್ ಮತ್ತು ವಿಲ್ಸನ್ ೧೯೭೭ರಲ್ಲಿ ಒಂದು ಪ್ರಯೋಗವನ್ನು ವರ್ಣಿಸಿದ್ದಾರೆ. ಒಂದೇ ತೆರನಾದ ನಾಲ್ಕು ಜೊತೆ ಕಾಲುಚೀಲಗಳನ್ನು ಸಾಲಾಗಿಟ್ಟು, ಯಾವುದು ಉತ್ತಮವೆಂದು ದಾರಿಹೋಕರನ್ನು ಕೇಳಿದರು. ಬಲತುದಿಯಲ್ಲಿದ್ದುದನ್ನೇ ಹೆಚ್ಚು ಮಂದಿ ಆರಿಸಿದರು. ಕಾರಣ ಕೇಳಿದಾಗ ನೇಯ್ಗೆ, ನಯ, ಬಾಳಿಕೆ ಎಂದು ಹೇಳಿದರೇ ಹೊರತು, ಇಟ್ಟಿದ್ದ ಸ್ಥಾನವು ಕಾರಣವೆಂದು ಯಾರೂ ತಾವಾಗಿ ಹೇಳಲಿಲ್ಲ. ಕಾಲುಚೀಲದ ವಿಷಯದಲ್ಲಿಯೇ ಹೀಗಾದರೆ, ಒಂದು ಕಾವ್ಯವನ್ನು ಏಕೆ ಮೆಚ್ಚಿದೆವು, ಒಂದು ಕಾದಂಬರಿಯನ್ನು ಏಕೆ ಬದಿಗಿಟ್ಟೆವು ಎಂಬುದಕ್ಕೆ ನಾವು ಕೊಡುವ ಕಾರಣಗಳನ್ನು ಎಷ್ಟು ನಂಬಬಹುದು?

ನಮ್ಮ ಆಲಂಕಾರಿಕರಿಗೆ ಈ ಎಚ್ಚರವು ಹೊಸದಲ್ಲ. ಅಭಿನವಗುಪ್ತನು ರಸಾಸ್ವಾದಕ್ಕೆ ಬರುವ ಏಳು ವಿಘ್ನಗಳನ್ನು ಎಣಿಸುವಾಗ, ಸಹೃದಯನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದನ್ನು ಒಂದು ವಿಘ್ನವಾಗಿ ಹೇಳಿದ್ದಾನೆ. ಕಾಣುವ ಭಾವವು ತನ್ನದೆಂದೋ ಪರರದೆಂದೋ ದೇಶಕಾಲಗಳಿಗೆ ಕಟ್ಟುಬಿದ್ದು ಭಾವಿಸುವುದನ್ನು ಇನ್ನೊಂದಾಗಿ ಹೇಳಿದ್ದಾನೆ. ದೋಷವು ಕಾವ್ಯದಲ್ಲಿಯೇ ಇರಬೇಕೆಂದಿಲ್ಲ, ಪ್ರೇಕ್ಷಕನ ಮನಸ್ಸಿನಲ್ಲಿಯೂ ಇರಬಹುದೆಂದು ಅವನು ಕಂಡಿದ್ದನು. ಆ ವಿಘ್ನಗಳನ್ನು ಗೀತ, ವಾದ್ಯ, ರಂ‌ಗಸಜ್ಜಿಕೆಗಳಿಂದ ನಿವಾರಿಸಬಹುದೆಂಬುದು ಅವನ ಮತ. ಒಬ್ಬನೇ ಕುಳಿತು ಅಚ್ಚಾದ ಪುಸ್ತಕವನ್ನು ಓದುವವನಿಗೆ ಆ ನೆರವಿಲ್ಲ. ತನ್ನ ವಿಘ್ನವನ್ನು ತಾನೇ ಕಂಡುಹಿಡಿದುಕೊಳ್ಳಬೇಕು. ಈ ಕೆಲಸದಲ್ಲಿ ಮನಶ್ಶಾಸ್ತ್ರದ ಪ್ರಯೋಗಗಳು ಅಭಿನವಗುಪ್ತನ ಸೂತ್ರಕ್ಕೆ ವೃತ್ತಿಗ್ರಂಥದಂತೆ ಉಪಯುಕ್ತವಾಗಿವೆ.

ಉಪಾಧ್ಯಾಯರಿಗೆ ಇದರಿಂದ ಒದಗುವ ಕಾರ್ಯಕ್ರಮವು ಸರಳವಾದುದು. ಐ. ಎ. ರಿಚರ್ಡ್ಸ್ ಕೇಂಬ್ರಿಡ್ಜಿನ ವಿದ್ಯಾರ್ಥಿಗಳಿಗೆ ಕವಿಗಳ ಹೆಸರನ್ನು ಮರೆಸಿ ಪದ್ಯಗಳನ್ನು ಕೊಟ್ಟು, ಅವರು ಬರೆದ ಅಭಿಪ್ರಾಯಗಳನ್ನು ೧೯೨೯ರಲ್ಲಿ ಪ್ರಕಟಿಸಿದುದು ಪ್ರಸಿದ್ಧವಾಗಿದೆ. ಸ್ವಂತ ನೆನಪುಗಳೂ, ಸಿದ್ಧವಾಗಿದ್ದ ಪ್ರತಿಕ್ರಿಯೆಗಳೂ ಪದ್ಯವನ್ನು ಮುಚ್ಚಿಬಿಡುವುದನ್ನು ಅವರು ತೋರಿಸಿದರು. ‘ಸುಶೀಲೆ’ಯ ಒಂದೆರಡು ಪುಟಗಳನ್ನು ಹೆಸರಿಲ್ಲದೆ ನಮ್ಮ ವಿದ್ಯಾರ್ಥಿಗಳಿಗೆ ಕೊಟ್ಟು ಅಭಿಪ್ರಾಯವನ್ನು ಬರೆಯಿಸಬಹುದು. ಬರೆದವರು ಬಾಲವಿಧವೆಯೆಂದು ತಿಳಿಸಿ ಮತ್ತೊಮ್ಮೆ ಬರೆಯಿಸಬಹುದು. ಎರಡು ಬರಹಗಳ ನಡುವಣ ಅಂತರವು ತಿರುಮಲಾಂಬ ಅವರಿಗೆ ಸೇರಿದುದಲ್ಲ; ಅದು ಓದಿದವರಿಗೆ ಸೇರಿದುದು. ಆ ಅಂತರವನ್ನು ವಿದ್ಯಾರ್ಥಿಯು ತಾನೇ ಅಳೆದು ನೋಡಿದರೆ, ಯಾವ ಉಪನ್ಯಾಸವೂ ಕಲಿಸಲಾರದ ಪಾಠವನ್ನು ಕಲಿಯುತ್ತಾನೆ. ಅಲಮೇಲಮ್ಮನ ಕಥೆಯನ್ನು ಅವರವರ ಮನೆಯ ಹಿರಿಯರಿಂದ ಕೇಳಿ ಬರೆದುಕೊಂಡು ಬರಲು ಹೇಳಿ, ಪಾಠಾಂತರಗಳನ್ನು ಹೋಲಿಸಿದರೂ ಇದೇ ಫಲವು ದೊರೆಯುತ್ತದೆ.

ನಂಜನಗೂಡಿನ ದೇವರು ವಿಷವನ್ನು ಕುಡಿದು ಕಂಠದಲ್ಲಿ ನಿಲ್ಲಿಸಿಕೊಂಡವನು. ತಲಕಾಡಿನ ದೇವರು ವೈದ್ಯನು. ಬೇನೆಯಿದ್ದವರು ಈ ಎರಡು ಸನ್ನಿಧಿಗಳಿಗೂ ಹರಕೆ ಹೊತ್ತು ಹೋಗುತ್ತ ಬಂದಿದ್ದಾರೆ. ವೈದ್ಯನಾದವನು ರೋಗಿಯ ನಾಡಿಯನ್ನು ಹಿಡಿಯುವಾಗ ತನ್ನ ಬೆರಳಿನ ಬಡಿತವನ್ನೇ ರೋಗಿಯದೆಂದು ಭ್ರಮಿಸದಂತೆ ಎಚ್ಚರವಾಗಿರಬೇಕು. ವಿಮರ್ಶಕನಿಗೂ ಬೇಕಾದ ಎಚ್ಚರ ಅಷ್ಟೇ. ಅದು ಸಿದ್ಧಿಸಿದರೆ ನಾವು ಗತಿಸಿದವರ ವಿಷಯದಲ್ಲಿ ಈಗಿನಷ್ಟು ಮಾತಾಡಲಾರೆವು. ಆಡಿದ ಮಾತಿನಲ್ಲಿ ಅವರಿಗೆ ಅನ್ಯಾಯವೂ ಈಗಿನಷ್ಟು ಆಗಲಾರದು. ‘ಸುಶೀಲೆ’ಯನ್ನು ನಾನು ಈಚೆಗೆ ಮತ್ತೆ ಮೊದಲಿನಿಂದ ಓದತೊಡಗಿದ್ದೇನೆ. ವಿದ್ಯಾರ್ಥಿನಿಯು ಕೇಳಿದ ಪುಟವು ನನಗೆ ಇನ್ನೂ ಸಿಕ್ಕಿಲ್ಲ. ಸಿಕ್ಕದೆ ಹೋದರೆ ಹಾಗೆಂದೇ ತರಗತಿಯಲ್ಲಿ ಹೇಳುವುದು ನನ್ನ ಕರ್ತವ್ಯ.